ಕಲಾವಿದರ ವಿದ್ಯುನ್ಮಾನ ಕೂಟಗಳು: ಹೊನ್ನಾವರ ಸೀಮೆಯ ರಂಗಸ್ಥಳದಿಂದ ಒಂದು ವಿಮರ್ಶೆ

ಚಿತ್ರಕಾರರು, ಗಾಯಕರು ಹಾಗೂ ಹವ್ಯಾಸಿ ತಂತ್ರಜ್ಞರು ಒಂದೆಡೆ ಸೇರಿ, ತಂತಿ ದೀಪ ಧ್ವನಿಪೆಟ್ಟಿಗೆಗಳನ್ನು ಬಿಚ್ಚಿ ಜೋಡಿಸಿ ಪ್ರಯೋಗ ನಡೆಸುವ ಕೂಟಗಳನ್ನು ಕುರಿತು ಒಂದು ಅಭಿಪ್ರಾಯ ವಿದ್ಯಾವಂತರಲ್ಲಿ ಆಗಾಗ ಕೇಳಿಬರುತ್ತದೆ. ಅವು ಪಶ್ಚಿಮದಿಂದ ಬಂದವು, ಮಹಾನಗರಗಳಲ್ಲಿ ಬೆಳೆದವು, ಗ್ರಾಮಾಂತರದ ಕಲೆಗೆ ಅವುಗಳಿಂದ ಆಗಬೇಕಾದುದೇನೂ ಇಲ್ಲ ಎಂಬುದು ಆ ಅಭಿಪ್ರಾಯ. ಇದರ ಮೊದಲೆರಡು ಭಾಗಗಳು ಬಹುಮಟ್ಟಿಗೆ ನಿಜ. ಮೂರನೆಯದನ್ನು ಮಾತ್ರ ನಾವು ಒಪ್ಪಲಾರೆವು. ಭಟ್ಕಳ, ಹೊನ್ನಾವರ, ಕುಮಟಾ ತಾಲೂಕುಗಳ ಯಕ್ಷಗಾನ ರಂಗಸ್ಥಳವನ್ನು ಮುಂದಿಟ್ಟುಕೊಂಡು ಅದನ್ನು ಪರಿಶೀಲಿಸುವುದೇ ಪ್ರಕೃತ ಲೇಖನದ ಉದ್ದೇಶ.

ಮೊದಲು ಈ ಕೂಟಗಳ ಪೂರ್ವೋತ್ತರವನ್ನು ನೋಡಬಹುದು. 1966ರ ಅಕ್ಟೋಬರಿನಲ್ಲಿ ನ್ಯೂಯಾರ್ಕಿನ ಒಂದು ಸೈನಿಕ ಭವನದಲ್ಲಿ 10 ಮಂದಿ ಕಲಾವಿದರೂ ಬೆಲ್ ಪ್ರಯೋಗಶಾಲೆಯ ಸುಮಾರು 30 ಮಂದಿ ಇಂಜಿನಿಯರರೂ ಕೂಡಿ ಒಂಬತ್ತು ಸಂಜೆಗಳ ಪ್ರದರ್ಶನವನ್ನು ನಡೆಸಿದರು. ಇಂಜಿನಿಯರ್ ಬಿಲ್ಲಿ ಕ್ಲೂವರ್, ಚಿತ್ರಕಾರ ರಾಬರ್ಟ್ ರೌಷೆನ್‌ಬರ್ಗ್ ಮೊದಲಾದವರು ಇದರ ಬೆನ್ನಿಗೇ ಒಂದು ಸಂಘವನ್ನು ಸ್ಥಾಪಿಸಿದರು. ಕಲಾವಿದನಿಗೆ ತಕ್ಕ ಇಂಜಿನಿಯರನನ್ನು ಜೊತೆಗೂಡಿಸುವುದು ಅದರ ಕೆಲಸವಾಗಿತ್ತು. 2000ದಲ್ಲಿ ಅದೇ ನಗರದ ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ಡಗ್ಲಸ್ ರೆಪೆಟ್ಟೊ ಆರಂಭಿಸಿದ 'ಡಾರ್ಕ್‌ಬಾಟ್' ಕೂಟದ ಕ್ರಮ ಇನ್ನೂ ಸರಳವಾದುದು: ವಿದ್ಯುತ್ತಿನಿಂದ ಏನಾದರೂ ವಿಚಿತ್ರವಾದುದನ್ನು ಮಾಡಿದವರು ಬಂದು ತೋರಿಸಬೇಕು, ಸೇರಿದವರು ಪ್ರಶ್ನಿಸಬೇಕು. ಈ ಮಾದರಿ ಅನೇಕ ದೇಶಗಳ ನಗರಗಳಿಗೆ ಹಬ್ಬಿತು. 2005ರಲ್ಲಿ ಇಟಲಿಯ ಇವ್ರೇಯಾ ಪಟ್ಟಣದಲ್ಲಿ ವಿನ್ಯಾಸ ವಿದ್ಯಾರ್ಥಿಗಳಿಗಾಗಿ ರೂಪಿಸಿದ 'ಆರ್ಡುಯಿನೊ' ಎಂಬ ಅಗ್ಗದ ಫಲಕವು, ಇಂಜಿನಿಯರಿಂಗ್ ಓದದವರಿಗೂ ದೀಪ ಧ್ವನಿ ಚಲನೆಗಳನ್ನು ನಿಯಂತ್ರಿಸುವ ದಾರಿಯನ್ನು ತೆರೆಯಿತು.

ನಮ್ಮ ದೇಶದಲ್ಲಿ ಇಂಥ ಪ್ರಯೋಗ ತಡವಾಗಿ ಬಂದಿತೆನ್ನುವಂತಿಲ್ಲ. ನ್ಯೂಯಾರ್ಕಿನ ಆ ಒಂಬತ್ತು ಸಂಜೆಗಳಲ್ಲಿ ಭಾಗವಹಿಸಿದ್ದ ಡೇವಿಡ್ ಟ್ಯೂಡರ್ 1969ರಲ್ಲಿ ಅಹಮದಾಬಾದಿನ ರಾಷ್ಟ್ರೀಯ ವಿನ್ಯಾಸ ಸಂಸ್ಥೆಗೆ ಬಂದು, 'ಮೂಗ್' ಎಂಬ ಧ್ವನಿಸಂಯೋಜಕ ಯಂತ್ರದೊಡನೆ ಒಂದು ಸಂಗೀತಶಾಲೆಯನ್ನು ಸಜ್ಜುಗೊಳಿಸಿದರು. ಗೀತಾ ಸಾರಾಭಾಯಿ, ಐ. ಎಸ್. ಮಾಥುರ್, ಅತುಲ್ ದೇಸಾಯಿ, ಎಸ್. ಸಿ. ಶರ್ಮಾ, ಜಿನ್‌ರಾಜ್ ಜೋಶಿಪುರ ಇವರು ಅಲ್ಲಿ ರಚನೆಗಳನ್ನು ಮಾಡಿದರು. ಕೆಲವೇ ವರ್ಷಗಳಲ್ಲಿ ಆ ಕಾರ್ಯ ನಿಂತುಹೋಯಿತು. ಧ್ವನಿಸುರುಳಿಗಳು ಸಂಸ್ಥೆಯ ಸಂಗ್ರಹದಲ್ಲಿ ಉಳಿದಿದ್ದು, 2017ರಲ್ಲಿ ಪಾಲ್ ಪುರ್ಗಾಸ್ ಎಂಬ ಸಂಗೀತಗಾರರ ಕಣ್ಣಿಗೆ ಬಿದ್ದವು.

ಇದರ ಮಗ್ಗುಲಲ್ಲಿ ಬೆಂಗಳೂರಿನ ಒಂದು ನಿದರ್ಶನವನ್ನು ಇಟ್ಟು ನೋಡಬೇಕು. ಹಿಂದೂಸ್ತಾನ್ ಏರೋನಾಟಿಕ್ಸ್‌ನಲ್ಲಿ ಇಂಜಿನಿಯರಾಗಿದ್ದ, ಕೊಳಲುವಾದಕರೂ ಆದ ಜಿ. ರಾಜ್‌ನಾರಾಯಣ್ 1979ರಲ್ಲಿ ವಿದ್ಯುನ್ಮಾನ ತಂಬೂರಿಯನ್ನು ನಿರ್ಮಿಸಿದರು. 'ರಾಡೆಲ್' ಎಂಬ ಹೆಸರಿನಲ್ಲಿ ಅದು ಕಛೇರಿಗಳಿಗೂ ಮನೆಗಳಿಗೂ ಹರಡಿತು. ಅಹಮದಾಬಾದಿನಲ್ಲಿ ಯಂತ್ರ ಮೊದಲು ಬಂದು, ಅದಕ್ಕೆ ತಕ್ಕ ಸಂಗೀತವನ್ನು ಆಮೇಲೆ ಹುಡುಕಬೇಕಾಯಿತು. ಬೆಂಗಳೂರಿನಲ್ಲಿ ಗಾಯಕನ ಅಗತ್ಯ ಮೊದಲಿತ್ತು, ಯಂತ್ರ ಆಮೇಲೆ ಹುಟ್ಟಿತು. ಕಲೆಗಾರನೂ ಕುಶಲಿಯೂ ಒಬ್ಬನೇ ಆಗಿದ್ದುದರಿಂದ ಆ ಉಪಕರಣ ಬಾಳಿತು. ಇಷ್ಟಾದರೂ ಒಂದು ಮಾತನ್ನು ಮರೆಯಬಾರದು: ಶ್ರುತಿಪೆಟ್ಟಿಗೆ ತಿಳಿದ ನಾದವನ್ನೇ ಸುಲಭಗೊಳಿಸಿತು; ತಿಳಿಯದ ನಾದವನ್ನು ಹುಡುಕಿದವರು ಅಹಮದಾಬಾದಿನವರು.

ಈಗ ನಮ್ಮ ಕರಾವಳಿಗೆ ಬರೋಣ. ಹೊನ್ನಾವರ ತಾಲೂಕು ಯಕ್ಷಗಾನದ ತವರುಗಳಲ್ಲೊಂದು. 1934ರಲ್ಲಿ ಕೆರೆಮನೆ ಶಿವರಾಮ ಹೆಗಡೆಯವರು ಸ್ಥಾಪಿಸಿದ ಇಡಗುಂಜಿ ಮೇಳದ ನೆಲೆ ಗುಣವಂತೆ ಇಲ್ಲಿಯದು. ಚಿಟ್ಟಾಣಿ ರಾಮಚಂದ್ರ ಹೆಗಡೆಯವರೂ ಇಲ್ಲಿಯವರೇ. ಇಂಥ ರಂಗಕ್ಕೆ ವಿದ್ಯುತ್ತು ಬಂದ ಬಗೆ ಹೇಗೆ? ಶ್ರುತಿ, ಬೆಳಕು, ಧ್ವನಿ ಎಂಬ ಮೂರು ಮುಖಗಳಲ್ಲಿ ಇದನ್ನು ವಿವೇಚಿಸಬಹುದು.

ಶ್ರುತಿಗೆ ಹಿಂದೆ ಪುಂಗಿ ಇದ್ದಿತು. ಅನಂತರ ಹಾರ್ಮೋನಿಯಂ ಬಂದಿತು. ಈಗ ವಿದ್ಯುನ್ಮಾನ ಶ್ರುತಿಪೆಟ್ಟಿಗೆ ಅದರ ಸ್ಥಾನದಲ್ಲಿದೆ. ಈ ಬದಲಾವಣೆಯಿಂದ ರಂಗದ ನಡೆಗೆ ಭಂಗವುಂಟಾಗಲಿಲ್ಲ. ಕಾರಣವನ್ನು ಮೇಲೆಯೇ ಹೇಳಿದೆ.

ಬೆಳಕಿನ ವಿಷಯ ಬೇರೆ. ಎಣ್ಣೆಯ ದೀವಟಿಗೆಯ ಬೆಳಕು ವೇಷಧಾರಿಯ ಮುಖದ ಮಟ್ಟದಲ್ಲಿ, ಪಕ್ಕಗಳಿಂದ, ಹೊಯ್ದಾಡುತ್ತ ಬೀಳುತ್ತಿತ್ತು. ಹಗುರವಾದ ಮರಕ್ಕೆ ಬೇಗಡೆಯನ್ನೂ ಕನ್ನಡಿಯ ಚೂರುಗಳನ್ನೂ ಅಂಟಿಸಿದ ಭುಜಕೀರ್ತಿ, ಎದೆಪದಕಗಳು ಆ ಅಲುಗುವ ಬೆಳಕಿನಲ್ಲಿ ಬಂಗಾರವಾಗುತ್ತಿದ್ದುವು. ಗ್ಯಾಸ್ ಲೈಟು, ಅದರ ಬಳಿಕ ಕೊಳವೆದೀಪ ಬಂದಾಗ ಬೆಳಕು ಬಿಳುಪಾಗಿ ಮೇಲೇರಿತು. ಮುಖದ ಬಣ್ಣಗಾರಿಕೆ ಚಪ್ಪಟೆಯಾಗಿ ಕಂಡಿತು. ಜೋಗದಲ್ಲಿ 1948ರಿಂದ ವಿದ್ಯುತ್ತನ್ನು ಕೊಡುತ್ತ ಬಂದ ಶರಾವತಿ ಹೊನ್ನಾವರದಲ್ಲಿಯೇ ಕಡಲನ್ನು ಸೇರುತ್ತದೆ. ಆದರೆ ಆ ವಿದ್ಯುತ್ತು ವೇಷದ ಮೇಲೆ ಹೇಗೆ ಬೀಳಬೇಕೆಂಬುದನ್ನು ಬಹುತೇಕ ಬಾಡಿಗೆಯ ದೀಪದವರ ಅನುಕೂಲವೇ ನಿರ್ಧರಿಸಿತು.

ಧ್ವನಿವರ್ಧಕದ ಪರಿಣಾಮ ಇದಕ್ಕಿಂತ ಆಳವಾದುದು. ಬಯಲಿನ ಕೊನೆಯವರೆಗೆ ಮುಟ್ಟಬೇಕಾದ ಏರುಶ್ರುತಿ ಭಾಗವತರಿಗೆ ಅನಿವಾರ್ಯವಾಗಿ ಉಳಿಯಲಿಲ್ಲ. ಇಳಿದನಿಯಲ್ಲಿ ರಾಗವನ್ನು ವಿಸ್ತರಿಸಲು ಎಡೆ ದೊರೆಯಿತು. ಇದು ಲಾಭವೇ ಸರಿ. ಆದರೆ ಕುಣಿತದ ನಡುವೆ ಮಾತಾಡುತ್ತಿದ್ದ ವೇಷಧಾರಿ ಈಗ ರಂಗದ ಮುಂಭಾಗದ ಮೈಕಿನ ಬಳಿಗೆ ಬಂದು ನಿಂತು ಮಾತಾಡಬೇಕಾಯಿತು. ಯಂತ್ರ ಕಲೆಗೆ ಬಾಗುವುದರ ಬದಲು ಕಲೆ ಯಂತ್ರಕ್ಕೆ ಬಾಗಿದುದಕ್ಕೆ ಇದಕ್ಕಿಂತ ಸ್ಪಷ್ಟವಾದ ಉದಾಹರಣೆ ಬೇಕಾಗಿಲ್ಲ.

ಹಾಗೆಂದ ಮಾತ್ರಕ್ಕೆ ವಿದ್ಯುತ್ತೇ ಅನಿಷ್ಟವೆಂದು, ದೀವಟಿಗೆಯ ಕಾಲಕ್ಕೆ ಮರಳಬೇಕೆಂದು ಹೇಳುವವರ ಮತವೂ ನಮಗೆ ಸಮ್ಮತವಲ್ಲ. ಹೊನ್ನಾವರ ತಾಲೂಕಿನಲ್ಲಿ ನಾವು ನೋಡಿದ ಒಂದು ಆಟದಲ್ಲಿ, ಚಂಡೆಯ ಅಬ್ಬರಕ್ಕೆ ಭಾಗವತರ ಪದ ಕೇಳಿಸದಾಯಿತು. ಮೈಕಿನ ಯುವಕನೊಬ್ಬ ಎದ್ದುಬಂದು ಚಂಡೆಯ ಮುಂದಿದ್ದ ಮೈಕನ್ನು ತೆಗೆದಿಟ್ಟನು. ಮದ್ದಳೆಯದನ್ನು ತುಸು ದೂರ ಸರಿಸಿದನು. ಒಂದು ಚಿಕ್ಕ ಧ್ವನಿಪೆಟ್ಟಿಗೆಯನ್ನು ಹಿಮ್ಮೇಳದ ಕಡೆಗೆ ತಿರುಗಿಸಿದನು. ಭಾಗವತರು ಒಮ್ಮೆ ಅವನತ್ತ ನೋಡಿ ತಲೆಯಾಡಿಸಿ ಪದವನ್ನು ಮುಂದುವರಿಸಿದರು. ಬೆಳಗಾದಾಗ ಅವನು ತಂತಿ ಸುತ್ತಿಕೊಂಡು ಹೋದನು. ಮಾರನೆಯ ಊರಿನಲ್ಲಿ ಇನ್ನೊಬ್ಬ ಮೈಕಿನವನು ಅದೇ ತೊಡಕನ್ನು ಮೊದಲಿಂದ ಎದುರಿಸಬೇಕು.

ನಮ್ಮ ವಾದವೆಲ್ಲ ಈ ಘಟನೆಯಲ್ಲಿ ಅಡಗಿದೆ. ಪ್ರಯೋಗ ನಮ್ಮ ರಂಗದಲ್ಲಿ ಇಲ್ಲದಿಲ್ಲ, ಇಲ್ಲದಿರುವುದು ಕೂಟ. ಕಲಾವಿದ ಚೌಕಿಯಲ್ಲಿ, ಮೈಕಿನವನು ರಂಗದ ಬದಿಯಲ್ಲಿ. ಆಟ ಮುಗಿದ ಮೇಲೆ ಇಬ್ಬರೂ ಕೂತು ಮಾತಾಡುವ ಪದ್ಧತಿ ಬೆಳೆಯಲಿಲ್ಲ. ಭಾಗವತರ, ವೇಷಧಾರಿಗಳ ಹೆಸರುಗಳನ್ನು ಯಕ್ಷಗಾನದ ಚರಿತ್ರೆ ಉಳಿಸಿಕೊಂಡಿದೆ. ರಂಗದ ನಾದವನ್ನೂ ಬಣ್ಣವನ್ನೂ ಇಷ್ಟೊಂದು ಬದಲಿಸಿದ ಕೈಗಳ ಹೆಸರುಗಳಿಗೆ ಅದರಲ್ಲಿ ಸ್ಥಳವಿಲ್ಲವೆನ್ನಬಹುದು. ಅಹಮದಾಬಾದಿನ ಕೆಲಸ ನಿಂತುಹೋದರೂ ಸುರುಳಿಗಳು ಉಳಿದುದರಿಂದ ಅದನ್ನು ಇಂದು ತೂಗಿ ನೋಡಬಹುದು. ನಮ್ಮ ಕರಾವಳಿಯ ಕೆಲಸ ನಿಲ್ಲದೆ ನಡೆದರೂ ತೂಗಲು ನಮ್ಮ ಕೈಯಲ್ಲಿ ಏನೂ ಇಲ್ಲ. ಚರಿತ್ರೆಯ ವಿದ್ಯಾರ್ಥಿಗಳಿಗೆ ಇದು ಸಣ್ಣ ನಷ್ಟವಲ್ಲ.

ಕೂಟವೆಂಬುದು ಈ ಸೀಮೆಗೆ ಹೊಸದೂ ಅಲ್ಲ. ವೇಷವಿಲ್ಲದೆ, ರಂಗಸಜ್ಜಿಕೆಯಿಲ್ಲದೆ, ಹವ್ಯಾಸಿಗಳೂ ಅನುಭವಿಗಳೂ ಸಾಲಾಗಿ ಕೂತು ವಾದಿಸುವ ತಾಳಮದ್ದಳೆ ಇಲ್ಲಿಯ ಮನೆಯಂಗಳದ ಸಂಪ್ರದಾಯ. ತೋರಿಸುವವನನ್ನು ಎದುರಿಗಿದ್ದವನು ಪ್ರಶ್ನಿಸಬೇಕೆಂಬ ಡಾರ್ಕ್‌ಬಾಟಿನ ಕ್ರಮ ತಾಳಮದ್ದಳೆಯ ಅರ್ಥಧಾರಿಗೆ ಅಪರಿಚಿತವೆನಿಸಲಾರದು. ಸಲಕರಣೆಗಳೂ ದೂರವಿಲ್ಲ. ಭಟ್ಕಳದಲ್ಲಿ ಅಂಜುಮನ್ ಸಂಸ್ಥೆಯ ತಾಂತ್ರಿಕ ಮಹಾವಿದ್ಯಾಲಯವಿದೆ. ಗುಣವಂತೆಯಲ್ಲಿ ಕೆರೆಮನೆಯವರ ಶ್ರೀಮಯ ರಂಗಶಿಕ್ಷಣ ಕೇಂದ್ರವಿದೆ. ಕುಮಟಾದಲ್ಲಿ ಬಾಳಿಗಾ ಮಹಾವಿದ್ಯಾಲಯವಿದೆ. ಭಟ್ಕಳದಿಂದ ಕುಮಟಾದವರೆಗಿನ ಹಾದಿ ಸುಮಾರು 60 ಕಿಲೋಮೀಟರು ಮಾತ್ರ. ಮಳೆಗಾಲದಲ್ಲಿ ಬಯಲಾಟಗಳು ನಿಂತಿರುವಾಗ, ಒಬ್ಬ ಭಾಗವತರು, ಒಬ್ಬ ವೇಷಧಾರಿ, ಇಬ್ಬರು ಮೈಕಿನವರು, ನಾಲ್ವರು ವಿದ್ಯಾರ್ಥಿಗಳು ಒಂದು ಕೋಣೆಯಲ್ಲಿ ಸೇರಿದರೆ ಸಾಕು. ದೀವಟಿಗೆಯ ಹೊಯ್ದಾಟವನ್ನು ಹಳದಿಯ ಎಲ್‌ಇಡಿ ದೀಪಗಳಿಂದ ಅಗ್ಗದ ಫಲಕವೊಂದರ ಮೂಲಕ ತರಲಾದೀತೆ, ಕುಣಿತಕ್ಕೆ ಅಡ್ಡಬಾರದಂತೆ ಕಿರೀಟದಲ್ಲಿ ಮೈಕನ್ನು ಅಡಗಿಸಲಾದೀತೆ ಎಂಬಂಥ ಪ್ರಶ್ನೆಗಳನ್ನು ಅವರು ಪರೀಕ್ಷಿಸಬಹುದು.

ಇಂಥ ಕೂಟಗಳಿಂದ ದೊಡ್ಡ ಆವಿಷ್ಕಾರಗಳು ಹೊರಡುವುವೆಂದು ನಾವು ಹೇಳುತ್ತಿಲ್ಲ. ಬೇಕಾದುದು ಎರಡೇ: ಕಲೆಯನ್ನು ಬಲ್ಲವನೂ ತಂತಿಯನ್ನು ಬಲ್ಲವನೂ ಸರಿಸಮನಾಗಿ ಕೂರುವುದು, ಕೂತು ಕಂಡುಕೊಂಡುದನ್ನು ಬರೆದಿಡುವುದು. ಮೊದಲನೆಯದನ್ನು ಕಲಾವಿದರೂ ಕುಶಲಿಗಳೂ ಮಾಡಬೇಕು. ಎರಡನೆಯದು ಕಾಲೇಜುಗಳಲ್ಲಿರುವ ನಮ್ಮ ಪಾಲಿನ ಕೆಲಸ. ಇದುವರೆಗೆ ಅದನ್ನು ಮಾಡದಿರುವ ತಪ್ಪು ನಮ್ಮದೇ.