ಗೃಹಭಂಗ: ಬಾಲ್ಯದ ಬೇಗುದಿಯೂ ದಾಂಪತ್ಯದ ಸುಖವೂ

ಆಳಂದ ತಾಲ್ಲೂಕಿನ ಜಿಡಗಾ ಮತ್ತು ಅದರ ಸುತ್ತಣ ಹಳ್ಳಿಗಳಲ್ಲಿ ಕನ್ಯೆಯನ್ನು ನೋಡಲು ಬಂದ ಹಿರಿಯರು, ಸುಸಲಾ-ಚಹಾ ಮುಗಿದು ಮನೆತನದ ಮಾತು ಮೊದಲಾದಾಗ, ಬಡವರ ಮನೆಯ ಹುಡುಗಿಯನ್ನು ಕುರಿತು ಪ್ರಶಂಸೆಯ ಭಾವದಿಂದಲೇ ಹೀಗೊಂದು ಮಾತನ್ನಾಡುವುದುಂಟು: "ತ್ರಾಸಿನ್ಯಾಗ ಬೆಳದ ಪೋರಿ ಅದ, ಹ್ಯಾಂಗರೆ ಹೊಂದ್ಕೊಂಡು ಹೋಗ್ತದ." ತೊಗರಿ, ಜೋಳಗಳೆರಡೂ ಮಳೆಯ ಮುಖವನ್ನೇ ನೋಡಿಕೊಂಡಿರುವ ಈ ಎರೆಭೂಮಿಯಲ್ಲಿ, ಬೆಳೆ ಕೈಕೊಟ್ಟ ವರ್ಷ ಸಂಸಾರಸಮೇತ ಪುಣೆಗೋ ಮುಂಬಯಿಗೋ ಹೈದರಾಬಾದಿಗೋ ಗುಳೆ ಹೊರಡುವ ಜನರ ನಡುವೆ, ತಾಳ್ಮೆಯನ್ನು ಕನ್ಯೆಯ ಗುಣಗಳಲ್ಲಿ ಶ್ರೇಷ್ಠವೆಂದು ಎಣಿಸುವುದು ನಿರ್ದಯತೆಯ ಲಕ್ಷಣವೆಂದು ನಾನು ಭಾವಿಸುವುದಿಲ್ಲ, ಕಷ್ಟವು ನಿತ್ಯದ ಅತಿಥಿಯಾಗಿರುವಲ್ಲಿ ಅದನ್ನು ಬಲ್ಲವಳೇ ಮನೆಗೆ ಬರಲೆಂದು ಬಯಸುವುದು ಸಹಜವೇ ಸರಿ. ಆದರೆ ಆ ಮಾತಿನ ಗರ್ಭದಲ್ಲಿ ಎರಡು ನಂಬಿಕೆಗಳು ಅಡಗಿವೆ. ಬಾಲ್ಯದ ಕಷ್ಟವು ತಾನಾಗಿಯೇ ದಾಂಪತ್ಯಕ್ಕೆ ಶಿಕ್ಷಣವಾಗುತ್ತದೆಂಬುದು ಒಂದು. ಆ ಶಿಕ್ಷಣ ಹೆಣ್ಣಿಗೆ ಮಾತ್ರ ಸಾಕೆಂಬುದು ಇನ್ನೊಂದು. ಇವೆರಡನ್ನೂ ಒರೆಗೆ ಹಚ್ಚಲು ಕನ್ನಡದಲ್ಲಿ ಎಸ್. ಎಲ್. ಭೈರಪ್ಪನವರ 'ಗೃಹಭಂಗ'ಕ್ಕಿಂತ ಸಮರ್ಥವಾದ ಕೃತಿ ನನಗೆ ತೋರದು.

1970ರಲ್ಲಿ ಪ್ರಕಟವಾದ ಈ ಕಾದಂಬರಿಯ ನೆಲ ತಿಪಟೂರು-ಚನ್ನರಾಯಪಟ್ಟಣಗಳ ಸೀಮೆ. ಅದರ ಮನೆ ಶಾನುಭೋಗಿಕೆಯ ಬ್ರಾಹ್ಮಣ ಕುಟುಂಬದ್ದು. ಅದರ ಕಾಲ ಪ್ಲೇಗಿನ ಹಾವಳಿಗೆ ಊರೂರುಗಳೇ ನಡುಗುತ್ತಿದ್ದ ಕಾಲ. 1948ರ ಸೆಪ್ಟೆಂಬರ್ 17ರವರೆಗೆ ನಿಜಾಮನ ಆಳ್ವಿಕೆಯಲ್ಲಿದ್ದ ನಮ್ಮ ಸೀಮೆಗೂ ಮೈಸೂರು ಸಂಸ್ಥಾನದ ಆ ಹಳ್ಳಿಗೂ ನಡೆನುಡಿಗಳಲ್ಲಿ ಅಂತರ ಬಹಳ. ಹಾಗಿದ್ದೂ ಅತ್ತೆಯ ಅಡುಗೆಮನೆ, ಸೊಸೆಯ ದುಡಿಮೆ, ಮಗನ ನಿರಂಕುಶತೆ ಇವುಗಳನ್ನು ಕಂಡರಿಯದ ಓದುಗ ಜೇವರ್ಗಿಯಲ್ಲಾಗಲಿ ಅಫಜಲಪುರದಲ್ಲಾಗಲಿ ಇರಲಾರನು.

ಕಾದಂಬರಿ ಆರಂಭವಾಗುವಾಗ ಗಂಗಮ್ಮನ ಮನೆಯಲ್ಲಿ ಅನ್ನಕ್ಕೆ ಕೊರತೆಯಿಲ್ಲ, ಜಮೀನುಂಟು, ಶಾನುಭೋಗಿಕೆಯುಂಟು. ಕೊರತೆಯಿರುವುದು ಮೃದುವಾದ ಮಾತಿಗೆ. ಗಂಡನನ್ನು ಕಳೆದುಕೊಂಡ ಆ ಹೆಂಗಸಿಗೆ ಮಕ್ಕಳನ್ನು ಕರೆಯಲೂ ಬೈಗುಳವೇ, ಉಣಿಸಲೂ ಬೈಗುಳವೇ. ಮಕ್ಕಳಾದರೋ ಕೇಳಿದ್ದನ್ನೇ ಕಲಿತು ತಾಯಿಗೇ ಅದನ್ನು ಹಿಂದಿರುಗಿಸುತ್ತಾರೆ. ಹಿರಿಯ ಮಗ ಚೆನ್ನಿಗರಾಯ ಗೃಹಸ್ಥನಾದಾಗ ಅವನಲ್ಲಿದ್ದ ಬಂಡವಾಳ ಇಷ್ಟೇ: ತನ್ನ ಹೊಟ್ಟೆ ತುಂಬಬೇಕೆಂಬ ಹಟ, ಮತ್ತು ಆ ಹಟಕ್ಕೆ ಅಡ್ಡಬಂದವರನ್ನು ಜರೆಯಲು ತಾಯಿ ಕಲಿಸಿದ ನುಡಿಗಳು. ಮಕ್ಕಳು ಹಸಿದಿರುವಾಗಲೂ ತನ್ನ ಪಾಲನ್ನು ಉಂಡು ಮುಗಿಸುವ ಆ ತಂದೆಯನ್ನು ನೋಡಿ ಓದುಗನಿಗೆ ಹೇಸಿಗೆಯಾಗುತ್ತದೆ. ಆದರೆ ಅವನು ಯಾರ ಮಡಿಲಿನಲ್ಲಿಯೂ ಹಂಚಿಕೊಂಡು ತಿನ್ನುವುದನ್ನು ಕಲಿತವನಲ್ಲವೆಂಬುದನ್ನು ಕಾದಂಬರಿಯ ಮೊದಲ ಪುಟಗಳೇ ಸಾರಿವೆ. ಬಾಲ್ಯದ ದಾರಿದ್ರ್ಯವೆಂದರೆ ಧಾನ್ಯದ ದಾರಿದ್ರ್ಯ ಮಾತ್ರವಲ್ಲವೆಂಬ ಸತ್ಯವನ್ನು ಕನ್ನಡ ಕಾದಂಬರಿ ಇಷ್ಟು ನಿಷ್ಠುರವಾಗಿ ಹೇಳಿದ್ದು ವಿರಳ.

ಚೆನ್ನಿಗರಾಯನ ಹೆಂಡತಿ ನಂಜಮ್ಮನ ಬಾಲ್ಯವೂ ಸುಖದ್ದಲ್ಲ. ಕಂಠೀಜೋಯಿಸರ ಮಗಳಾದ ಆಕೆ ತಾಯಿಯಿಲ್ಲದ ತಬ್ಬಲಿ. ತಂದೆ ಧೈರ್ಯಶಾಲಿಯಾದರೂ ದುಡುಕಿನವರು, ಮನೆಯಲ್ಲಿ ನಿಲ್ಲುವವರಲ್ಲ. ಆದರೆ ಅವಳಿಗೆ ಅಜ್ಜಿ ಅಕ್ಕಮ್ಮನಿದ್ದಳು. ಆ ಮುದುಕಿಯ ಅಂತಃಕರಣದ ಬಲದಿಂದಲೇ ನಂಜಮ್ಮ ಗಂಡನು ಮಾಡಬೇಕಾದ ಶಾನುಭೋಗಿಕೆಯ ಲೆಕ್ಕವನ್ನು ತಾನು ಬರೆಯಬಲ್ಲಳು, ಮುತ್ತುಗದ ಎಲೆ ಹಚ್ಚಿ ಮಾರಿ ಮಕ್ಕಳ ಹೊಟ್ಟೆ ಹೊರೆಯಬಲ್ಲಳು, ಬೀದಿ ಅಲೆಯುವ ಜಂಗಮ ಮಾದೇವಯ್ಯನವರಲ್ಲಿ ಬಂಧುತ್ವವನ್ನು ಗುರುತಿಸಬಲ್ಲಳು. ನಮ್ಮ ಹಿರಿಯರು ಹುಡುಕುವ ಕನ್ಯೆ ಇವಳೇ ಅಲ್ಲವೆ? ತ್ರಾಸಿನಲ್ಲಿ ಬೆಳೆದವಳು, ಹೊಂದಿಕೊಂಡು ಹೋದವಳು. ಆದರೂ ಅವಳಿಗೆ ದಾಂಪತ್ಯದಲ್ಲಿ ಒಂದು ದಿನದ ಸುಖವೂ ದಕ್ಕಲಿಲ್ಲ. ದಾಂಪತ್ಯದಲ್ಲಿ ಕೂಡಿ ಬಾಳುವವು ಎರಡು ಬಾಲ್ಯಗಳು. ಒಂದು ಎಷ್ಟೇ ಸತ್ತ್ವಶಾಲಿಯಾಗಿದ್ದರೂ ಇನ್ನೊಂದರ ಬಂಜೆತನವನ್ನು ತಾನೊಂದೇ ತುಂಬಿಕೊಡಲಾರದು. ನಂಜಮ್ಮನ ತಾಳ್ಮೆ ಮನೆಯನ್ನು ಉಳಿಸಲಿಲ್ಲ, ಅದು ಮುರಿಯುವುದನ್ನು ಮುಂದೂಡಿತು, ಅಷ್ಟೇ. ಅವಳನ್ನು ಸಹನೆಯ ಮೂರ್ತಿಯೆಂದು ಕೊಂಡಾಡುವ ಓದಿಗೆ ನಾನು ಸರ್ವಥಾ ವಿರೋಧಿ. ಕೊಂಡಾಟದಲ್ಲಿ ಅವಳ ವ್ಯಯವಾದ ಆಯುಷ್ಯದ ಲೆಕ್ಕ ಮರೆತುಹೋಗುತ್ತದೆ.

ಕೃತಿಯ ಅತ್ಯಂತ ಸೂಕ್ಷ್ಮವಾದ ಒಳನೋಟವನ್ನು ನಾನು ಕಾಣುವುದು ಅವಳ ಅಣ್ಣ ಕಲ್ಲೇಶನಲ್ಲಿ. ಅದೇ ತಬ್ಬಲಿತನ, ಅದೇ ಅಕ್ಕಮ್ಮನ ಮಡಿಲು. ಆದರೂ ಕಲ್ಲೇಶನ ಸಂಸಾರ ಕಹಿಯಾಗಿಯೇ ಸಾಗುತ್ತದೆ. ಒಂದೇ ಅಜ್ಜಿಯ ಪ್ರೀತಿ ತಂಗಿಯಲ್ಲಿ ಕರ್ತವ್ಯಬುದ್ಧಿಯಾಗಿ ಅರಳಿ ಅಣ್ಣನಲ್ಲಿ ಒಣಗಿತೇಕೆ? ಲೇಖಕರು ಉತ್ತರವನ್ನು ಹೇಳಿಬಿಡುವುದಿಲ್ಲ, ಅದು ಅವರ ಕಲಾಸಂಯಮ. ನನಗೆ ತೋರುವ ಉತ್ತರವೆಂದರೆ, ಸಂಸಾರ ಕೆಟ್ಟರೆ ಹೆಣ್ಣನ್ನು ಪ್ರಶ್ನಿಸುವ ಸಮಾಜ ಗಂಡನ್ನು ಪ್ರಶ್ನಿಸಲಿಲ್ಲವೆಂಬುದೇ. ಪ್ರೀತಿಯಿಂದ ಬೆಳೆದ ಗಂಡಸಿಗೂ ಆ ಪ್ರೀತಿಯನ್ನು ಹೆಂಡತಿಗೆ ಮರಳಿಸಬೇಕೆಂದು ಯಾರೂ ಹೇಳದಿದ್ದರೆ ಅದು ಅವನಲ್ಲಿಯೇ ಇಂಗಿಹೋಗುತ್ತದೆ.

ಕಲ್ಪನೆ ಕಂಡದ್ದನ್ನು ಶಾಸ್ತ್ರವೂ ತನ್ನ ರೀತಿಯಲ್ಲಿ ಕಂಡಿದೆ. ಅಮೆರಿಕದ ಸಮಾಜಶಾಸ್ತ್ರಜ್ಞ ಗ್ಲೆನ್ ಎಲ್ಡರ್, 1930ರ ದಶಕದ ಮಹಾ ಆರ್ಥಿಕ ಕುಸಿತದಲ್ಲಿ ಬೆಳೆದ ಮಕ್ಕಳ ಜೀವನವನ್ನು ದೀರ್ಘಕಾಲ ಪರಿಶೀಲಿಸಿ 1974ರಲ್ಲಿ ಗ್ರಂಥವೊಂದನ್ನು ಪ್ರಕಟಿಸಿದರು. ಬಡತನವು ಮಗುವನ್ನು ಮುಟ್ಟುವುದು ಬಹುಮಟ್ಟಿಗೆ ಮನೆಯೊಳಗಿನ ಸಂಬಂಧಗಳ ಮೂಲಕ, ಅದರಲ್ಲಿಯೂ ಕಂಗೆಟ್ಟ ತಂದೆಯ ಸಿಡುಕಿನ ಮೂಲಕ, ಎಂಬುದು ಆ ಅಧ್ಯಯನದ ಪರಂಪರೆಯಿಂದ ಹೊಮ್ಮಿದ ವಿಚಾರ. 1938ರಲ್ಲಿ ಆರಂಭವಾದ ಹಾರ್ವರ್ಡ್ ಅಧ್ಯಯನದ ಆಧಾರದ ಮೇಲೆ ವಾಲ್ಡಿಂಗರ್ ಮತ್ತು ಶುಲ್ಟ್ಸ್ ಎಂಬ ವಿದ್ವಾಂಸರು 2016ರಲ್ಲಿ ಪ್ರಕಟಿಸಿದ ಲೇಖನವೊಂದರಲ್ಲಿ, ಬಾಲ್ಯದ ಮನೆಯಲ್ಲಿ ಮಮತೆ ಕಂಡವರು ಇಳಿವಯಸ್ಸಿನಲ್ಲಿಯೂ ಸಂಗಾತಿಯನ್ನು ಹೆಚ್ಚು ನೆಚ್ಚಿ ಬಾಳುತ್ತಾರೆಂಬ ಸಂಬಂಧ ಕಂಡುಬಂದಿದೆ. ಅಲ್ಲಿ ಪರಿಶೀಲಿತರಾದ 81 ಮಂದಿಯೂ ಪುರುಷರೆಂಬುದನ್ನು ಮರೆಯಲಾಗದು. ಆದರೆ ನನ್ನ ವಾದಕ್ಕೆ ಅದು ಕುಂದಲ್ಲ, ಪೋಷಕವೇ: ವರನ ಬಾಲ್ಯವನ್ನು ವಿಚಾರಿಸಬೇಕೆಂದು ಅದು ನೆನಪಿಸುತ್ತದೆ.

ಇಲ್ಲಿಯೇ ಕಾದಂಬರಿಯ ದೋಷವನ್ನೂ ಹೇಳಬೇಕು. ನಂಜಮ್ಮನ ಒಂದೊಂದು ರೂಪಾಯಿಗೂ ಒಂದೊಂದು ಎಲೆಗೂ ತಮ್ಮ ತಾಳ್ಮೆಯನ್ನು ಧಾರೆಯೆರೆದ ಲೇಖಕರು ಚೆನ್ನಿಗರಾಯನ ಅಂತರಂಗಕ್ಕೆ ಒಂದು ರಾತ್ರಿಯನ್ನೂ ಮೀಸಲಿಡಲಿಲ್ಲ. ಆರಂಭದಲ್ಲಿ ಬಾಲಕನಾಗಿ ಕಂಡವನು ಕ್ರಮೇಣ ಬರಿಯ ಹೊಟ್ಟೆಯಾಗಿ ಉಳಿಯುತ್ತಾನೆ. ಅವನ ಭಯವೇನು, ಅವನಿಗೆ ನಾಚಿಕೆಯೆಂಬುದು ಎಂದಾದರೂ ಆಯಿತೆ ಎಂಬುದು ನಮಗೆ ತಿಳಿಯುವುದಿಲ್ಲ. ಪ್ಲೇಗಿನಲ್ಲಿ ತಾಯಿಯನ್ನು ಕಳೆದುಕೊಂಡ ಲೇಖಕರ ಬಾಲ್ಯವನ್ನು ಅವರ ಆತ್ಮವೃತ್ತಾಂತ 'ಭಿತ್ತಿ'ಯಲ್ಲಿ ಓದಿದವರು ಈ ಪಕ್ಷಪಾತದ ಮೂಲವನ್ನು ಅರಿತು ತಲೆಬಾಗುವರು. ಆದರೆ ಕಾರಣ ತಿಳಿದ ಮಾತ್ರಕ್ಕೆ ಕೊರತೆ ಕೊರತೆಯಲ್ಲದೆ ಹೋಗದು. ಚೆನ್ನಿಗರಾಯನನ್ನು ದ್ವೇಷಿಸಿ ಪುಸ್ತಕ ಮುಚ್ಚುವ ಓದುಗ, ತನ್ನ ಮನೆಯಲ್ಲಿ ಬೈಗುಳ ಕೇಳಿ ಬೆಳೆಯುತ್ತಿರುವ ಹುಡುಗನೇ ಮುಂದಿನ ಚೆನ್ನಿಗರಾಯನೆಂಬುದನ್ನು ಗುರುತಿಸದೆ ಹೋಗುವ ಅಪಾಯ ಇದರಿಂದ ಉಂಟಾಗಿದೆ.

ನಮ್ಮ ಕಡೆಯ ಪದ್ಧತಿಯಲ್ಲಿ ವರನನ್ನು ಕುರಿತು ಕೇಳುವುದೇನು? ಎಷ್ಟು ಎಕರೆ, ನೀರಾವರಿಯುಂಟೆ, ನೌಕರಿ ಸರಕಾರಿಯೋ ಖಾಸಗಿಯೋ, ಕುಡಿತವಿದೆಯೆ. ಕೊನೆಯದು ಒಳ್ಳೆಯ ಪ್ರಶ್ನೆ. ಆದರೆ ಅವನ ಅಪ್ಪ ಅವ್ವನೊಡನೆ ಹೇಗೆ ಮಾತನಾಡುತ್ತಿದ್ದ, ಗುಳೆ ಹೋದ ವರ್ಷಗಳಲ್ಲಿ ಅವನನ್ನು ಯಾರ ಹತ್ತಿರ ಬಿಟ್ಟಿದ್ದರು, ಅವನು ಅತ್ತಾಗ ಬಳಿಗೆ ಬರುತ್ತಿದ್ದವರು ಯಾರು ಎಂದು ಕೇಳಿದ ಬೀಗರುಂಟೆ? ಇತ್ತ ಹೆಣ್ಣಿನ ಪಾಲಿಗೆ, ಮದುವೆಯೇ ಬಾಲ್ಯದ ಕಷ್ಟಗಳಲ್ಲೊಂದಾಗಿ ಬರುವುದೂ ಇನ್ನೂ ನಿಂತಿಲ್ಲ. ಊರುಬಿಟ್ಟು ದುಡಿಯಲು ಹೋಗುವ ತಂದೆತಾಯಿಯರು, ಬೆಳೆದ ಮಗಳನ್ನು ಒಂಟಿಯಾಗಿ ಬಿಡಲಾರದೆ, ಹದಿನೆಂಟು ತುಂಬುವ ಮೊದಲೇ ಸೋದರಮಾವನಿಗೋ ಅವನ ಮಗನಿಗೋ ಕೊಟ್ಟು ನಿಶ್ಚಿಂತರಾಗಬಯಸುತ್ತಾರೆ. 2006ರ ಬಾಲ್ಯವಿವಾಹ ನಿಷೇಧ ಕಾಯಿದೆಗೆ ಕರ್ನಾಟಕವು 2016ರಲ್ಲಿ ತಂದ ತಿದ್ದುಪಡಿಯಂತೆ ಅಂತಹ ಮದುವೆ ಮೊದಲಿನಿಂದಲೇ ಅಸಿಂಧು. ಆದರೆ ಹುಡುಗಿ ಉಳಿಯಲು ವಸತಿನಿಲಯವೂ ಅವಳ ಮೇಲೆ ಕಣ್ಣಿಡುವ ನಂಬಿಕಸ್ಥರೂ ಇಲ್ಲದ ಊರಿನಲ್ಲಿ ಕಾಯಿದೆಯೊಂದೇ ಆ ತಂದೆತಾಯಿಯರ ಭಯವನ್ನು ಕಳೆಯಲಾರದು.

ಜಿಡಗಾದ ನವಕಲ್ಯಾಣ ಮಠಕ್ಕೆ ಆಳಂದ, ಅಫಜಲಪುರಗಳ ಕಡೆಯಿಂದಷ್ಟೇ ಅಲ್ಲದೆ ದೂರದಿಂದಲೂ ಭಕ್ತರು ಬರುತ್ತಾರೆ. ಮನೆಯ ಜಗಳ ಕಾಗದಪತ್ರಕ್ಕೆ ಮುಟ್ಟುವ ಮೊದಲು ಇಂತಹ ಮಠಗಳ ಅಂಗಳದಲ್ಲಿ, ಹಿರಿಯರ ಎದುರಿನಲ್ಲಿ ಇತ್ಯರ್ಥವಾಗುವ ರೂಢಿ ಈ ಸೀಮೆಯಲ್ಲಿ ಹಳೆಯದು. ಅಂತಹ ನ್ಯಾಯದಲ್ಲಿ ಸೊಸೆಗೆ "ಸ್ವಲ್ಪ ತಾಳ್ಕೋ ತಂಗಿ" ಎನ್ನುವವರು ಇಂದಿಗೂ ಬಹಳ. ಆ ಮಾತನ್ನು ಆಡುವ ಮೊದಲು ಅವರು ಮಗನನ್ನು ಪಕ್ಕಕ್ಕೆ ಕರೆದು, ನಿನ್ನ ಮನೆಯಲ್ಲಿ ನೀನು ಚಿಕ್ಕವನಿದ್ದಾಗ ಏನು ಕಂಡೆ, ಈಗ ಅದನ್ನೇ ಮಾಡುತ್ತಿದ್ದೀಯಾ ಎಂದು ಕೇಳಲಿ, ಮತ್ತು ಅವನು ಉತ್ತರ ಹೇಳುವವರೆಗೆ ಸೊಸೆಯನ್ನು ಗಂಡನ ಮನೆಗೆ ಹಿಂದಿರುಗೆಂದು ಒತ್ತಾಯಿಸದಿರಲಿ.