ಸ್ವಲೀನತೆಯ ಲಕ್ಷಣನಿರೂಪಣೆ: ಇತಿಹಾಸದೃಷ್ಟಿಯಿಂದ ಒಂದು ವಿಮರ್ಶೆ

ಆಟಿಸಂ ಎನಿಸಿಕೊಳ್ಳುವ ಸ್ವಲೀನತೆಯು ಈಚೆಗೆ ಹೆಚ್ಚುತ್ತಿದೆಯೆಂಬ ಮಾತು ಪ್ರಚಾರದಲ್ಲಿದೆ. ಅದಕ್ಕೆ ಆಧಾರವಾದ ಲೆಕ್ಕಗಳನ್ನು ಇತಿಹಾಸದ ಅಭ್ಯಾಸಿಗಳಾದ ನಾವು ಪರೀಕ್ಷಿಸದೆ ಒಪ್ಪಲಾರೆವು.

1943ರಲ್ಲಿ ಲಿಯೋ ಕ್ಯಾನರ್ 11 ಮಕ್ಕಳನ್ನು ಕುರಿತು ಬರೆದಾಗ ಈ ಲಕ್ಷಣದ ಎಲ್ಲೆ ಕಿರಿದಾಗಿತ್ತು. ಅಮೆರಿಕದ ಮನೋವೈದ್ಯರ ಸಂಘದ ಕೈಪಿಡಿಯು 1980ರಲ್ಲಿ ಇದಕ್ಕೆ ಪ್ರತ್ಯೇಕ ಸ್ಥಾನವಿತ್ತಿತು. 1994ರಲ್ಲಿ ಆಸ್ಪರ್ಗರ್ ಲಕ್ಷಣಕೂಟವನ್ನು ಇದರ ನೆರೆಯಲ್ಲಿರಿಸಿತು. 2013ರಲ್ಲಿ ಆ ಭೇದವನ್ನು ಕೈಬಿಟ್ಟು ಒಂದೇ ವಿಶಾಲವರ್ಗವನ್ನು ಕಲ್ಪಿಸಿತು.

ನಮ್ಮ ದೇಶದ ದಾಖಲೆಗಳೂ ಇದಕ್ಕೆ ಹೊರತಲ್ಲ. 1995ರ ಅಂಗವಿಕಲರ ಕಾಯಿದೆಯ ಏಳು ವೈಕಲ್ಯಗಳಲ್ಲಿ ಸ್ವಲೀನತೆಯಿರಲಿಲ್ಲ. 1999ರ ರಾಷ್ಟ್ರೀಯ ನ್ಯಾಸ ಕಾಯಿದೆ ಅದನ್ನು ಹೆಸರಿಸಿತು. 2011ರ ಜನಗಣತಿಯ ಎಂಟು ವರ್ಗಗಳಲ್ಲಿ ಅದರ ಹೆಸರಿಲ್ಲ. 2016ರ ಕಾಯಿದೆಯ 21 ವೈಕಲ್ಯಗಳಲ್ಲಿ ಉಂಟು. ಬೆಳಗಾವಿಯ ಆಟೋ ನಗರದಲ್ಲಿ ಅಂತಹ ಮಗುವೊಂದಿತ್ತೆಂದು ಭಾವಿಸೋಣ. 2011ರಲ್ಲಿ ಅದು ಬುದ್ಧಿಮಾಂದ್ಯವೆಂದೋ ‘ಇತರೆ’ ಎಂದೋ ಎಣಿಕೆಗೆ ಬಂದಿರಬಹುದು, ಎಣಿಕೆಗೇ ಬಾರದೆಯೂ ಹೋಗಿರಬಹುದು. ಮುಂದೆ ಪ್ರಮಾಣಪತ್ರ ದೊರೆತೊಡನೆ ಸ್ವಲೀನತೆಯ ಲೆಕ್ಕದಲ್ಲಿ ಒಂದು ಹೆಚ್ಚುವುದು, ಮಗುವಾದರೋ ಅದೇ.

1997ರಲ್ಲಿ ಗದಗ, ಹಾವೇರಿಗಳು ಬೇರ್ಪಟ್ಟುದರಿಂದ 2001ರ ಗಣತಿಯಲ್ಲಿ ಧಾರವಾಡ ಜಿಲ್ಲೆಯ ಜನಸಂಖ್ಯೆ ಕುಗ್ಗಿತು. ಅಲ್ಲಿ ಮಾರಿಬೇನೆ ಹಬ್ಬಿತೆಂದು ಯಾವ ಇತಿಹಾಸಕಾರನೂ ಬರೆಯನು. ಎಲ್ಲೆ ಬದಲಾದಾಗ ಲೆಕ್ಕ ಬದಲಾಗುವುದು ಸಹಜ.

ವಸ್ತುಸ್ಥಿತಿ ಹೆಚ್ಚಿಯೇ ಇಲ್ಲವೆಂದು ಇದರಿಂದ ಸಿದ್ಧವಾಗದು. ಲೆಕ್ಕದ ಏರಿಕೆಯೊಂದೇ ಅದಕ್ಕೆ ಸಾಕ್ಷಿಯಲ್ಲವೆಂಬುದಿಷ್ಟೇ ನಮ್ಮ ವಾದ. ಆದರೆ ಹೆಸರು ಬರಿಯ ಹೆಸರೂ ಅಲ್ಲ. 1995ರ ಕಾಯಿದೆಯ ಸವಲತ್ತುಗಳು ಸ್ವಲೀನತೆಯ ಹೆಸರಿನಲ್ಲಿ ದೊರೆಯುವಂತಿರಲಿಲ್ಲ. ಹಳೆಯ ದಾಖಲೆಯಲ್ಲಿ ಕಾಣದ ಮಕ್ಕಳನ್ನು ಇರಲೇ ಇಲ್ಲವೆಂದು ಬರೆಯುವವರು ಅವರಿಗೆ ಎರಡನೆಯ ಬಾರಿ ಅನ್ಯಾಯವೆಸಗಿದಂತೆಯೇ ಸರಿ.