ಡೀನ್ ಸಾಹೇಬರ ಜಮಾ-ಖರ್ಚು

ವಿಡಂಬನೆಯ ರುಚಿ ಹತ್ತಿದವರು ಜೊನಾಥನ್ ಸ್ವಿಫ್ಟ್‌ನ ಕೋಪವನ್ನು ಕೊಂಡಾಡುವುದು ವಾಡಿಕೆ. ನನಗೆ ಅವನ ಲೆಕ್ಕವೇ ದೊಡ್ಡದಾಗಿ ಕಾಣುತ್ತದೆ. ಐರ್ಲೆಂಡಿನ ಬಡವರ ಕೂಸುಗಳನ್ನು ಸಿರಿವಂತರ ಊಟಕ್ಕೆ ಮಾರಿ ಎನ್ನುವ ‘ಎ ಮಾಡೆಸ್ಟ್ ಪ್ರಪೋಸಲ್’ 1729ರಲ್ಲಿ ಡಬ್ಲಿನ್ನಿನಲ್ಲಿ ಅಚ್ಚಾಯಿತು. ಬೈಗುಳಕ್ಕಾಗಿ ಅದನ್ನು ತೆರೆದವರಿಗೆ ನಿರಾಸೆ. ಅಲ್ಲಿ ದನಿ ಏರುವುದೇ ಇಲ್ಲ, ಇರುವುದು ಬರೀ ಕಳೆಯುವ ಲೆಕ್ಕ. ದೇಶದ ಜನ 15 ಲಕ್ಷ, ಹೆರುವ ಹೆಂಗಸರು 2 ಲಕ್ಷ. ಮಕ್ಕಳನ್ನು ಸಾಕುವ ತ್ರಾಣವಿರುವ 30 ಸಾವಿರ ಮನೆ ಬಿಡಿ. ಗರ್ಭ ಇಳಿದೋ ವರ್ಷ ತುಂಬುವ ಮೊದಲೇ ಸತ್ತೋ ಹೋಗುವ 50 ಸಾವಿರ ಬಿಡಿ. ಉಳಿದದ್ದು 1 ಲಕ್ಷ 20 ಸಾವಿರ. ಅದರಲ್ಲಿ 20 ಸಾವಿರ ತಳಿಗೆ, ಗಂಡು ಕಾಲು ಭಾಗ ಸಾಕು. ಕೂಸೊಂದರ ಸಾಕಣೆಗೆ 2 ಶಿಲ್ಲಿಂಗ್, ಮಾರಿದರೆ 10, ತಾಯಿಗೆ ನಿವ್ವಳ 8. ಮನಸ್ಸಿನಲ್ಲೇ ಕಳೆದು ನೋಡಿ ‘ಸರಿಯಿದೆ’ ಎಂದುಕೊಂಡ ಓದುಗ ಅಲ್ಲೇ ಸಿಕ್ಕಿಬಿದ್ದ. ಹಿಂದಿನ ಶತಮಾನದಲ್ಲಿ ಐರ್ಲೆಂಡಿನ ನೆಲ ಅಳೆಸಿದ ವಿಲಿಯಂ ಪೆಟ್ಟಿ, ಮನುಷ್ಯರಿಗೂ ಪೌಂಡಿನಲ್ಲಿ ಬೆಲೆ ಕಟ್ಟುವ ‘ರಾಜಕೀಯ ಅಂಕಗಣಿತ’ವನ್ನು ಆಳುವವರಿಗೆ ಕಲಿಸಿದ್ದ. ಸ್ವಿಫ್ಟ್ ಆ ಗಣಿತವನ್ನು ಅಲ್ಲಗಳೆಯಲಿಲ್ಲ, ಕೊನೆಯ ಸಾಲಿನವರೆಗೂ ಮಾಡಿ ತೋರಿಸಿದ.

ಇವನೇನು ಬಡವರ ಬಂಧುವೇ ಎಂದು ಕೇಳುವವರಿದ್ದಾರೆ. ಕೇಳಬೇಕಾದದ್ದೇ. ಆಳುವವರ ಚರ್ಚಿಗೆ ಸೇರಿದ ಸೇಂಟ್ ಪ್ಯಾಟ್ರಿಕ್ಸ್‌ನ ಡೀನ್ ಅವನು. ಭಿಕ್ಷುಕರಿಗೆ ಬಿಲ್ಲೆ ತೊಡಿಸಬೇಕು ಎಂದು 1737ರಲ್ಲಿ ನಿಜವಾಗಿಯೇ ಬರೆದ, ಅದರಲ್ಲಿ ವಿಡಂಬನೆಯ ಸೋಂಕಿಲ್ಲ. ಆದರೆ ಇದರಿಂದ ನನ್ನ ವಾದಕ್ಕೆ ಬಲವೇ ಬರುತ್ತದೆ. ಕೈಖರ್ಚನ್ನೂ ಬಿಡದೆ ಬರೆದಿಡುತ್ತಿದ್ದ ಸ್ವಿಫ್ಟ್‌ಗೆ ಎಣಿಸುವ ಬುದ್ಧಿ ಹೊರಗಿನದಲ್ಲ. ಅದು ಎಲ್ಲಿ ಜಾರುತ್ತದೆಂಬುದು ಒಳಗಿನಿಂದಲೇ ಗೊತ್ತು. ಸಾಧುಸಂತನೊಬ್ಬ ಬರೆದಿದ್ದರೆ ಆ ಪುಸ್ತಿಕೆ ಉಪದೇಶವಾಗಿ ಮುಗಿಯುತ್ತಿತ್ತು.

ಅಂಕಿ ಬರೀ ಕುಹಕಕ್ಕೆ ಒದಗಿತು, ಜನಕ್ಕೇನು ಬಂತು ಎಂದರೆ 1724ರ ಕಡೆ ನೋಡಬೇಕು. 1,00,800 ಪೌಂಡ್ ಮೌಲ್ಯದ ತಾಮ್ರದ ನಾಣ್ಯ ಟಂಕಿಸಿ ಐರ್ಲೆಂಡಿಗೆ ತುಂಬುವ ಪರವಾನಗಿ ವಿಲಿಯಂ ವುಡ್ ಎಂಬ ಇಂಗ್ಲಿಷ್ ವ್ಯಾಪಾರಿಗೆ ಸಿಕ್ಕಿತ್ತು. ಸ್ವಿಫ್ಟ್ ಜವಳಿ ಅಂಗಡಿಯವನ ವೇಷ ತೊಟ್ಟು ಪತ್ರ ಬರೆದ: ಜಮೀನ್ದಾರ ಕಾನಲಿ ದೊರೆಗಳ ಆರು ತಿಂಗಳ ಗೇಣಿಯನ್ನು ಈ ಚಿಲ್ಲರೆಯಲ್ಲಿ ಹೊರಲು 250 ಕುದುರೆ ಬೇಕಾದೀತು! ಬರೆದವನನ್ನು ಹಿಡಿದುಕೊಟ್ಟವರಿಗೆ 300 ಪೌಂಡ್ ಇನಾಮು ಸಾರಿದರು. ಊರಿಗೆಲ್ಲ ಗೊತ್ತಿದ್ದ ಹೆಸರನ್ನು ಒಬ್ಬನೂ ಬಾಯಿಬಿಡಲಿಲ್ಲ. ಮರುವರ್ಷ ಪರವಾನಗಿಯೇ ರದ್ದಾಯಿತು. ಕೂಸುಗಳ ಪುಸ್ತಿಕೆಯ ಕೊನೆಗೆ ಬರುವ ಪಟ್ಟಿ ಇದಕ್ಕಿಂತ ಕಹಿ. ಊರು ಬಿಟ್ಟು ಕೂತ ಜಮೀನ್ದಾರರಿಗೆ ತೆರಿಗೆ, ನಮ್ಮಲ್ಲೇ ನೇಯ್ದ ಬಟ್ಟೆ: ಇಂಥ ಮಾತೆಲ್ಲ ನನ್ನೆದುರು ಎತ್ತಬೇಡಿ ಎನ್ನುತ್ತಾನೆ ಅಲ್ಲಿನ ಸಲಹೆಗಾರ. ಆ ಬಟ್ಟೆಯ ಮಾತನ್ನು ಸ್ವಿಫ್ಟ್ 1720ರಲ್ಲೇ ನೇರವಾಗಿ ಹೇಳಿದ್ದ. ಆಗ ಸರ್ಕಾರ ಅದನ್ನು ಅಚ್ಚುಹಾಕಿದವನ ಮೇಲೆ ಮೊಕದ್ದಮೆ ಹೂಡಿತ್ತು.